ತಲುಪಬೇಕಾದವರೋ, ಹೊತ್ತು ತರುವವರೋ? ದೀರ್ಘಕಾಲದ ರೋಗಿಗಳ ಅಂತರ್ಜಾಲ ಬಳಗಗಳು ಮತ್ತು ಧರ್ಮಸಭೆಯ ಎರಡು ದಸ್ತಾವೇಜುಗಳು: ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಮೊದಲ ಭಾನುವಾರ ನಾನು ನೀಡಿದ ಒಂದು ಪ್ರಬೋಧನೆಯಿಂದ ಈ ಲೇಖನ ಹುಟ್ಟಿತು. ಮಾಂಸಾಹಾರ ಬಿಡುವುದಕ್ಕಿಂತ ಮೊಬೈಲ್ ಬಿಡುವುದೇ ಇಂದಿನ ಕಾಲಕ್ಕೆ ತಕ್ಕ ಉಪವಾಸವೆಂದೂ, ಪ್ರತಿ ಶುಕ್ರವಾರ ಸಂಜೆಯಿಂದ ಮರುದಿನ ಬೆಳಗಿನವರೆಗೆ ಎಲ್ಲರೂ ಅದನ್ನು ಆರಿಸಿಡಬೇಕೆಂದೂ ಹೇಳಿದ್ದೆ. ಧರ್ಮಕೇಂದ್ರದ ಒಬ್ಬ ಮಹಿಳೆ ಅದನ್ನು ಅಕ್ಷರಶಃ ಪಾಲಿಸಿದರು. ಅವರಿಗೆ ಲೂಪಸ್ ಕಾಯಿಲೆ, ಹನ್ನೊಂದು ವರ್ಷಗಳಿಂದ. ಬಿಸಿಲು ತಾಗಿದರೆ ರೋಗ ಉಲ್ಬಣಿಸುತ್ತದೆ. ಕೀಲುನೋವು, ಬಳಲಿಕೆ ನಿತ್ಯದ್ದು. ಶಾಲೆಯ ಕೆಲಸ ಬಿಟ್ಟಾಗಿತ್ತು, ಭಾನುವಾರದ ಬಲಿಪೂಜೆಗೆ ಬರುವುದೂ ನಿಂತಿತ್ತು. ಮೊಬೈಲ್ ಆರಿಸಿಡಿ ಎಂಬ ನನ್ನ ಮಾತನ್ನು ಅವರು ನೇರಪ್ರಸಾರದ ಮೂಲಕ ಅದೇ ಮೊಬೈಲಿನಲ್ಲಿ ಕೇಳಿದ್ದರು.

ಮೊದಲ ಶುಕ್ರವಾರ ಪರಮಪ್ರಸಾದ ಕೊಂಡೊಯ್ದಾಗ ಅವರು ನಡೆದದ್ದನ್ನು ತಿಳಿಸಿದರು. ಬೀದರಿನಿಂದ ಚಾಮರಾಜನಗರದವರೆಗೆ ಹರಡಿರುವ, ಇದೇ ಕಾಯಿಲೆಯ ಸುಮಾರು ಮೂವತ್ತು ಮಹಿಳೆಯರ ವಾಟ್ಸ್ಆ್ಯಪ್ ಬಳಗದಲ್ಲಿ ಅವರೂ ಒಬ್ಬರು. ಉಪವಾಸದ ಆ ರಾತ್ರಿ, ಬಳಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಮಾತ್ರೆಗಳನ್ನೆಲ್ಲ ನಿಲ್ಲಿಸಿಬಿಡುತ್ತೇನೆ, ಇನ್ನು ಸಾಕು ಎಂದು ಬರೆದಿದ್ದಳು. ಬೇರೆ ಇಬ್ಬರು ಎಚ್ಚರವಿದ್ದು ಬೆಳಗಾಗುವವರೆಗೆ ಅವಳೊಡನೆ ಮಾತನಾಡಿದ್ದರಿಂದ ಅನಾಹುತವಾಗಲಿಲ್ಲ. "ಅವಳು ಹೆಚ್ಚಾಗಿ ನನ್ನ ಜೊತೆಗೇ ಮಾತಾಡೋದು ಸ್ವಾಮಿ. ಅವತ್ತು ನಾನಿರಲಿಲ್ಲ," ಎಂದರು. ನನ್ನನ್ನು ದೂರುವ ದನಿಯಲ್ಲಿ ಅಲ್ಲ, ಪಾಪನಿವೇದನೆಯ ದನಿಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ, "ನೀವು ಬರೋದು ತಿಂಗಳಿಗೆ ಒಂದು ಸಲ. ರಾತ್ರಿ ಎರಡು ಗಂಟೆಗೆ ನೋವು ಬಂದಾಗ ಎದ್ದಿರೋರು ಅವರೇ," ಎಂದೂ ಹೇಳಿದರು. (ಅವರ ಒಪ್ಪಿಗೆಯಿಂದ, ಗುರುತು ಸಿಗದಂತೆ ಇದನ್ನು ಬರೆದಿದ್ದೇನೆ.)

ತಪ್ಪು ನನ್ನದೇ. ಆದರೆ ಆ ತಪ್ಪಿನ ಹಿಂದೆ ಒಂದು ದೈವಶಾಸ್ತ್ರೀಯ ಊಹೆಯೂ ಇತ್ತು: ಪರದೆಯ ಮುಂದೆ ಕುಳಿತವನು ಆರೋಗ್ಯವಂತ, ಅವನಿಗೆ ಪರದೆ ಒಂದು ಚಪಲ, ಅದನ್ನು ಬಿಟ್ಟು ಎದ್ದು ಬಂದರೆ ನಿಜವಾದ ಸಹವಾಸ ಹೊರಗೆ ಕಾದಿರುತ್ತದೆ ಎಂಬ ಊಹೆ. ಇದು ನನ್ನೊಬ್ಬನದೇ ಅಲ್ಲ. ಅಂತರ್ಜಾಲವನ್ನು ಕುರಿತ ಧರ್ಮಸಭೆಯ ದಸ್ತಾವೇಜುಗಳಲ್ಲೂ ಅದು ಬೇರೆಬೇರೆ ಪ್ರಮಾಣದಲ್ಲಿ ಸೇರಿಕೊಂಡಿದೆ ಎಂಬುದು ನನ್ನ ವಾದ. ಅಂಥ ಎರಡು ದಸ್ತಾವೇಜುಗಳನ್ನು ದೀರ್ಘಕಾಲದ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಓದುವುದು ಈ ಲೇಖನದ ಉದ್ದೇಶ.

1. 'ತಲುಪುವುದು' ಎಂಬ ಕ್ರಿಯಾಪದ

ಸಾಮಾಜಿಕ ಸಂಪರ್ಕದ ಪಾಂಟಿಫಿಕಲ್ ಮಂಡಳಿ 2002ರ ಫೆಬ್ರುವರಿ 22ರಂದು 'ಧರ್ಮಸಭೆ ಮತ್ತು ಅಂತರ್ಜಾಲ' ಎಂಬ ದಸ್ತಾವೇಜನ್ನು ಹೊರಡಿಸಿತು. ಜಾಲತಾಣಗಳು ಬಾಲ್ಯಾವಸ್ಥೆಯಲ್ಲಿದ್ದ ಕಾಲದಲ್ಲೇ ಇಷ್ಟು ತೆರೆದ ಮನಸ್ಸಿನಿಂದ ಅದನ್ನು ಬರೆದುದು ಮೆಚ್ಚತಕ್ಕ ಸಂಗತಿ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು 9ನೆಯ ಪರಿಚ್ಛೇದ ಖಚಿತವಾಗಿ ಹೇಳುತ್ತದೆ. ಅಲ್ಲಿಯೂ ದೇವರ ಕೃಪೆಯಿಂದ ಧಾರ್ಮಿಕ ಅನುಭವ ಸಾಧ್ಯ ಎಂಬುದನ್ನೂ ಒಪ್ಪುತ್ತದೆ. ಈ ಎರಡೂ ಮಾತುಗಳು ಇಂದಿಗೂ ಊರ್ಜಿತ.

ನನ್ನ ಆಕ್ಷೇಪವಿರುವುದು 5ನೆಯ ಪರಿಚ್ಛೇದದ ಒಂದು ಪಟ್ಟಿಯ ಬಗ್ಗೆ. ಬೇರೆ ರೀತಿಯಲ್ಲಿ ತಲುಪಲು ಕಷ್ಟವಾದ ಕೆಲವು ಗುಂಪುಗಳನ್ನು ಅಂತರ್ಜಾಲದ ಮೂಲಕ ತಲುಪಬಹುದೆಂದು ಹೇಳುವಾಗ ಅದು ಯುವಜನರು, ವೃದ್ಧರು, ಮನೆ ಬಿಟ್ಟು ಹೊರಬರಲಾಗದವರು, ದೂರಪ್ರದೇಶದವರು, ಅನ್ಯಧರ್ಮೀಯರು ಎಂದು ಎಣಿಸುತ್ತದೆ. ರೋಗಿ ಇಲ್ಲಿ ಪ್ರವೇಶಿಸುವುದು ಒಂದು ವಿಳಾಸವಾಗಿ. ನಮ್ಮ ಬಳಿ ಇರುವುದನ್ನು ಅವರಿಗೆ ಮುಟ್ಟಿಸಬೇಕು. ಅವರ ಬಳಿ ಏನಿದೆ ಎಂಬ ಪ್ರಶ್ನೆ ಏಳುವುದಿಲ್ಲ. ಮುಂದಿನ ಪರಿಚ್ಛೇದದಲ್ಲೇ ಅಂತರ್ಜಾಲದ ದ್ವಿಮುಖ ಸಂವಾದವು ಹೇಳುವವರು ಮತ್ತು ಕೇಳುವವರು ಎಂಬ ಹಳೆಯ ಭೇದವನ್ನು ಅಳಿಸುತ್ತಿದೆ ಎಂಬ ಅರಿವು ಇದ್ದರೂ ಅದು ಮನೆಯೊಳಗೆ ಉಳಿದವರಿಗೆ ಅನ್ವಯವಾಗುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ನೇರಪ್ರಸಾರ ಆರಂಭಿಸಿ, ರೋಗಿಗಳಿಗೆ ಬೇಕಾದುದನ್ನು ಮಾಡಿಯಾಯಿತೆಂದು ನೆಮ್ಮದಿಯಾಗಿ ಇರುವುದು ಈ ಒಂದು ಕ್ರಿಯಾಪದದ ಫಲ.

2. ದಾರಿಯಲ್ಲಿ ನಡೆಯುವವನು, ದಾರಿಯಲ್ಲಿ ಬಿದ್ದವನು

ಎರಡನೆಯದು ವ್ಯಾಟಿಕನ್ನಿನ ಸಂಪರ್ಕ ವಿಭಾಗವು 2023ರ ಮೇ 28ರ ಪೆಂತೆಕೋಸ್ತ್ ಹಬ್ಬದ ದಿನಾಂಕದೊಂದಿಗೆ ಪ್ರಕಟಿಸಿದ 'ಪೂರ್ಣ ಸಾನ್ನಿಧ್ಯದೆಡೆಗೆ' ಎಂಬ ಪಾಲನಾ ಚಿಂತನೆ. ಸಾಮಾಜಿಕ ಮಾಧ್ಯಮಗಳಲ್ಲಿ ಕ್ರೈಸ್ತರು ಹೇಗಿರಬೇಕೆಂಬುದನ್ನು ಇದು ದಯಾಳು ಸಮಾರಿಯದವನ ಸಾಮತಿಯ (ಲೂಕ 10:25–37) ಚೌಕಟ್ಟಿನಲ್ಲಿ ವಿವರಿಸುತ್ತದೆ. ಬಳಕೆದಾರನು ಗ್ರಾಹಕನೂ ಹೌದು, ಮಾರಾಟದ ಸರಕೂ ಹೌದು ಎಂಬ ಅದರ ಎಚ್ಚರಿಕೆ ರೋಗಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಸತ್ಯ. ರೋಗದ ವಿವರಕ್ಕಿಂತ ಬೆಲೆಬಾಳುವ ಮಾಹಿತಿ ಕಡಿಮೆ. ಪರಕೀಯನೊಬ್ಬ ನೆರೆಯವನಾಗುವ ಬಗೆಯನ್ನು ಅದು ಸೊಗಸಾಗಿ ಬಿಡಿಸುತ್ತದೆ. 2002ರ ದಸ್ತಾವೇಜಿಗಿಂತ ಇದು ಮುಂದೆ ಹೋಗಿದೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೂ ಚೌಕಟ್ಟಿಗೆ ಒಂದು ಮಿತಿ ಇದೆ. ಈ ಚಿಂತನೆಯ ಮುಖ್ಯ ಒತ್ತು ದಾರಿಯಲ್ಲಿ ನಡೆಯುತ್ತಿರುವವನ ಮೇಲೆ: ನಾನು ಯಾರನ್ನು ಕಾಣುತ್ತೇನೆ, ಯಾರನ್ನು ಕಂಡೂ ಕಾಣದಂತೆ ದಾಟಿಹೋಗುತ್ತೇನೆ, ಎಲ್ಲಿ ನಿಲ್ಲುತ್ತೇನೆ? ಇವೆಲ್ಲ ಕಾಲಿದ್ದವನ ಪ್ರಶ್ನೆಗಳು. ಗಾಯಗೊಂಡು ಬಿದ್ದವನಿಗೂ ಕೈಯಲ್ಲಿ ಒಂದು ಸಾಧನವಿದ್ದು, ಅದರ ಮೂಲಕ ಇನ್ನೊಂದು ದಾರಿಯಲ್ಲಿ ಬಿದ್ದವನನ್ನು ಅವನು ಮಾತನಾಡಿಸಬಲ್ಲನೆಂದರೆ ಸಾಮತಿಯ ಪಾತ್ರಹಂಚಿಕೆ ಏನಾಗುತ್ತದೆ? ಆಗ ಗಾಯಾಳುವೇ ಸಮಾರಿಯದವನೂ ಆಗುತ್ತಾನೆ. ಈ ಸಾಧ್ಯತೆಯನ್ನು ದಸ್ತಾವೇಜು ಬೆಳೆಸಿದ್ದರೆ ಎಷ್ಟೋ ಶ್ರೀಮಂತವಾಗುತ್ತಿತ್ತು.

ಪರದೆಯ ಮೂಲಕ ಊಟ ಹಂಚಿಕೊಳ್ಳಲಾಗದು ಎಂಬ ಅರ್ಥದ ಅದರ ಮಾತನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮಾತು ನಿಜ. ಪರಮಪ್ರಸಾದ ಚಿತ್ರವಲ್ಲ, ಭೋಜನ. ಆದರೆ ಒಂದೇ ಮಾತು ಯಾರಿಗೆ ಹೇಳಿತೆಂಬುದರ ಮೇಲೆ ಅದರ ತೂಕ ಬದಲಾಗುತ್ತದೆ. ಸೋಮಾರಿತನದಿಂದ ಭಾನುವಾರ ಮನೆಯಲ್ಲೇ ಉಳಿದವನಿಗೆ ಅದು ಕರೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕಟ್ಟುಬಿದ್ದು, ಉಳಿದ ದಿನ ಮೇಲೇಳಲಾರದೆ ಮಲಗಿದವನಿಗೆ ಅದು ಗಾಯಕ್ಕೆ ಉಪ್ಪು. ಗುರುವಿಗೆ ಮಾತ್ರ ಅದು ಆಜ್ಞೆ: ಊಟ ಪರದೆಯೊಳಗೆ ಹೋಗಲಾರದಾದ್ದರಿಂದ, ನೀನು ಎದ್ದು ಕೊಂಡೊಯ್ಯಿ. ನನ್ನ ಓದಿನಲ್ಲಿ, ಈ ವಾಕ್ಯದ ನಿಜವಾದ ವಿಳಾಸದಾರರು ನಾವೇ.

3. ಚದುರಿದವರ ಅನ್ಯೋನ್ಯತೆ

ಧರ್ಮಸಭೆಯ ಪರಂಪರೆಯಲ್ಲಿ ಈ ಕೊರತೆಯನ್ನು ತುಂಬುವ ಸಂಪನ್ಮೂಲ ಇಲ್ಲವೇ? ಇದೆ, ಆದರೆ ಅದು ಸಂಪರ್ಕ ಮಾಧ್ಯಮದ ದಸ್ತಾವೇಜುಗಳಲ್ಲಿಲ್ಲ, ಸಂಕಟವನ್ನು ಕುರಿತ ಬೋಧನೆಯಲ್ಲಿದೆ. ಸಂತ ಎರಡನೆಯ ಜಾನ್ ಪಾಲರು 1984ರ ಫೆಬ್ರುವರಿ 11ರಂದು ಬರೆದ 'ಸಾಲ್ವಿಫಿಚಿ ದೊಲೋರಿಸ್' ಪ್ರೇಷಿತ ಪತ್ರದ 8ನೆಯ ಪರಿಚ್ಛೇದವನ್ನು ಗುರುವಿದ್ಯಾರ್ಥಿಗಳು ಮತ್ತೊಮ್ಮೆ ಓದಬೇಕು. ಸಂಕಟಪಡುವವರ ಲೋಕಕ್ಕೆ ತನ್ನದೇ ಆದ ಒಂದು ಒಗ್ಗಟ್ಟಿದೆ, ಒಂದೇ ಬಗೆಯ ಸ್ಥಿತಿ ಮತ್ತು ಒಂದೇ ಬಗೆಯ ಪ್ರಶ್ನೆಗಳು ಅವರನ್ನು ಪರಸ್ಪರ ಹೋಲುವಂತೆ ಮಾಡುತ್ತವೆ, ಆ ಲೋಕ ಚದುರಿಹೋಗಿದ್ದರೂ ಅನ್ಯೋನ್ಯತೆಯ ಕರೆಯೊಂದನ್ನು ತನ್ನೊಳಗೇ ಹೊತ್ತಿದೆ ಎಂಬುದು ಅಲ್ಲಿನ ಸಾರ. ಅಂತರ್ಜಾಲ ಮನೆಮನೆಗೆ ಬರುವ ಎಷ್ಟೋ ಮೊದಲು ಬರೆದ ಈ ಮಾತು, ಬೀದರಿನ ಮತ್ತು ಚಾಮರಾಜನಗರದ ಆ ಮಹಿಳೆಯರ ಬಳಗಕ್ಕೆ ಬರೆದ ವ್ಯಾಖ್ಯಾನದಂತಿದೆ. ಚದುರಿದವರು ಕೂಡುವುದೆಂದರೆ ಸಂಕಟದ ಒಳಗೇ ಇದ್ದ ಆ ಕರೆಗೆ ಓಗೊಡುವುದು.

ಅದೇ ಜಗದ್ಗುರುಗಳ 1988ರ 'ಕ್ರಿಸ್ತಿಫಿದೇಲೆಸ್ ಲಾಯಿಚಿ' ಇನ್ನೂ ಸ್ಪಷ್ಟ. ರೋಗಿಯನ್ನು ಧರ್ಮಸಭೆಯ ಪ್ರೀತಿ ಹಾಗೂ ಸೇವೆಯ ವಸ್ತುವಾಗಿ ಮಾತ್ರ ನೋಡದೆ, ಶುಭಸಂದೇಶ ಪ್ರಸಾರದ ಸಕ್ರಿಯ, ಹೊಣೆಯರಿತ ಪಾಲುದಾರನನ್ನಾಗಿ ಕಾಣಬೇಕೆಂದು ಅದರ 54ನೆಯ ಪರಿಚ್ಛೇದ ಬೋಧಿಸುತ್ತದೆ. ಇಟಲಿಯ ಗುರು ಲುಯಿಜಿ ನೊವಾರೆಸೆ (1914–1984) ಇದನ್ನು ದಶಕಗಳ ಮೊದಲೇ ಬದುಕಿ ತೋರಿಸಿದ್ದರು. ಬಾಲ್ಯದಲ್ಲಿ ಮೂಳೆಯ ಕ್ಷಯದಿಂದ ವರ್ಷಗಟ್ಟಲೆ ನರಳಿದ ಅವರು 1947ರಲ್ಲಿ 'ಸಂಕಟದ ಸ್ವಯಂಸೇವಕರ ಕೇಂದ್ರ'ವನ್ನು ಆರಂಭಿಸಿದರು. ರೋಗಿಯೇ ರೋಗಿಗೆ ಪ್ರೇಷಿತ ಎಂಬುದು ಅದರ ತತ್ವ. ವ್ಯಾಟಿಕನ್ ರೇಡಿಯೋದ ಮೂಲಕವೂ ಅವರು ರೋಗಿಗಳೊಡನೆ ಮಾತನಾಡುತ್ತಿದ್ದರು. 2013ರಲ್ಲಿ ಧರ್ಮಸಭೆ ಅವರನ್ನು ಧನ್ಯರ ಸಾಲಿಗೆ ಸೇರಿಸಿತು. ಸಂಪರ್ಕ ಸಾಧನ ಮತ್ತು ರೋಗಿಯ ಪ್ರೇಷಿತಕಾರ್ಯ ಎರಡೂ ಒಂದೇ ಗುರುವಿನ ಬದುಕಿನಲ್ಲಿ ಕೂಡಿದ್ದವು. ನಮ್ಮ ದಸ್ತಾವೇಜುಗಳಲ್ಲಿ ಅವು ಬೇರೆಬೇರೆ ಕಪಾಟುಗಳಲ್ಲಿವೆ.

4. ರೋಗಿಗಳು ರೋಗಿಗಳಿಗೆ ಏನು ಕೊಡುತ್ತಾರೆ?

ಇಂಥ ಬಳಗಗಳಲ್ಲಿ ನಡೆಯುವುದು ಬರೀ ಹರಟೆ ಎಂದು ತಿಳಿಯುವವರುಂಟು. ಒಂದು ಉದಾಹರಣೆ ನೋಡೋಣ. ಕೋವಿಡ್ ತಗುಲಿ ತಿಂಗಳುಗಳಾದರೂ ಗುಣವಾಗದ ಅವಸ್ಥೆಗೆ 'ಲಾಂಗ್ ಕೋವಿಡ್' ಎಂಬ ಹೆಸರು ಬಂದದ್ದು ವೈದ್ಯರಿಂದಲ್ಲ, ರೋಗಿಗಳಿಂದ. 2020ರ ಮೇ ತಿಂಗಳಲ್ಲಿ ಎಲಿಸಾ ಪೆರೆಗೊ ಎಂಬ ಪುರಾತತ್ವ ವಿದ್ವಾಂಸೆ, ತಾವೇ ರೋಗಿಯಾಗಿದ್ದು, ಟ್ವಿಟರಿನಲ್ಲಿ ಆ ಹೆಸರನ್ನು ಬಳಸಿದರು. ಇದೆಲ್ಲ ನಿಮ್ಮ ಮನಸ್ಸಿನ ಭ್ರಮೆ ಎಂದು ಕೇಳಿಸಿಕೊಂಡಿದ್ದ ಸಾವಿರಾರು ಮಂದಿ ಆ ಹೆಸರಿನಡಿ ಒಬ್ಬರನ್ನೊಬ್ಬರು ಗುರುತಿಸಿದರು. ಆ ಅವಸ್ಥೆಗೆ ವಿಶ್ವ ಆರೋಗ್ಯ ಸಂಸ್ಥೆ ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ. ಹೆಸರಿಡುವ ಕೆಲಸ ಆದಿಕಾಂಡದಿಂದಲೂ ಮಾನವನಿಗೆ ದೇವರು ಒಪ್ಪಿಸಿದ ಘನವಾದ ಕೆಲಸ. ಅದನ್ನು ಇಲ್ಲಿ ಹಾಸಿಗೆಯಲ್ಲಿದ್ದವರು ಮಾಡಿದರು.

ನಮ್ಮ ನಾಡಿನಲ್ಲೂ, ಅಂತರ್ಜಾಲದ ಆಚೆಗೇ, ಇದರ ಮಾದರಿ ಇದೆ. ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ತಾವೇ ಹಿಮೋಫಿಲಿಯಾ ಉಳ್ಳವರಾಗಿದ್ದು, ಅದೇ ರೋಗದವರನ್ನು ಒಂದುಗೂಡಿಸಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದವರು. ರೋಗವನ್ನು ಬಲ್ಲವನ ಸಹಾಯಕ್ಕೆ ಬೇರೆಯದೇ ಅಧಿಕಾರವಿದೆ. ನಾನು ಹೇಳಿದ ಲೂಪಸ್ ಬಳಗದಲ್ಲೂ ಅದನ್ನು ಕಾಣಬಹುದು. ಸ್ಟೆರಾಯಿಡ್ ಮಾತ್ರೆಯಿಂದ ಮುಖ ಊದಿಕೊಂಡಾಗ ಮದುವೆಮನೆಗೆ ಹೋಗುವುದು ಹೇಗೆ, ನೋಡಲು ಚೆನ್ನಾಗಿಯೇ ಇದ್ದೀಯಲ್ಲ ಎನ್ನುವ ಅತ್ತೆಗೆ ಏನು ಉತ್ತರ ಹೇಳಬೇಕು, ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಯಾವ ಪ್ರಶ್ನೆ ಕೇಳಬೇಕು? ಇಂಥವನ್ನು ನಾನು ಯಾವ ಗ್ರಂಥದಿಂದಲೂ ಕಲಿಸಲಾರೆ. ದೇವರು ನಮ್ಮ ಕಷ್ಟಗಳಲ್ಲಿ ನಮ್ಮನ್ನು ಸಂತೈಸುವುದು, ಆ ಸಾಂತ್ವನದಿಂದಲೇ ನಾವು ಇತರ ಕಷ್ಟಪೀಡಿತರನ್ನು ಸಂತೈಸಲೆಂದು, ಎಂದು ಪೌಲನು ಬೋಧಿಸುತ್ತಾನೆ (2 ಕೊರಿಂಥ 1:4). ಆ ಸಾಂತ್ವನ ಹರಿಯುವ ದಾರಿ ನಮ್ಮ ಪ್ರಬೋಧನಾ ಪೀಠದ ಮೂಲಕವೇ ಹಾದುಹೋಗಬೇಕೆಂಬ ನಿಯಮವಿಲ್ಲ.

ಈ ಹಿನ್ನೆಲೆಯಲ್ಲಿ ಮೂರು ವಾಕ್ಯಭಾಗಗಳನ್ನು ಜೊತೆಯಾಗಿ ಓದಬಹುದು. ಯೊವಾನ್ನ 5ರಲ್ಲಿ ಜೆರುಸಲೇಮಿನ ಕೊಳದ ಬಳಿ ರೋಗಿಗಳ ದೊಡ್ಡ ಗುಂಪೇ ಮಲಗಿದೆ. ಆದರೂ 38 ವರ್ಷಗಳಿಂದ ನರಳುತ್ತಿದ್ದವನು ಯೇಸುವಿಗೆ ಹೇಳುವುದು, ತನಗೆ ಯಾರೂ ಇಲ್ಲ ಎಂದು. ದೇಹಗಳು ಪಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಸಮುದಾಯವಾಗುವುದಿಲ್ಲ. ಭಾನುವಾರ ತುಂಬಿದ ದೇವಾಲಯದಲ್ಲೂ ಯಾರೂ ಇಲ್ಲದವರಿರಬಹುದು. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು, ಒಟ್ಟಾಗಿ ದನಿಯೆತ್ತಿ ಕೂಗುತ್ತಾರೆ. ಅವರಲ್ಲಿ ಒಬ್ಬ ಸಮಾರಿಯದವ. ಆರೋಗ್ಯವಂತರು ಬೇರ್ಪಡಿಸಿದ್ದವರನ್ನು ರೋಗ ಒಂದುಗೂಡಿಸಿತ್ತು. ಲೂಪಸ್ ಬಳಗದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಹಿಳೆಯರು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆಂದು ಕೇಳಿದಾಗ ನನಗೆ ನೆನಪಾದದ್ದು ಆ ಹತ್ತು ಮಂದಿ. ಇನ್ನು ಮಾರ್ಕ 2ರಲ್ಲಿ ನಾಲ್ವರು ಹೊತ್ತು ತಂದವನನ್ನು ಯೇಸು ಕ್ಷಮಿಸುವುದು ಅವರ ವಿಶ್ವಾಸವನ್ನು ಕಂಡು. ಆ ನಾಲ್ವರು ಆರೋಗ್ಯವಂತರೆಂದೇ ನಾವು ಊಹಿಸುತ್ತೇವೆ. ತಾವೇ ನಡೆಯಲಾರದವರೂ ಇನ್ನೊಬ್ಬರನ್ನು ಹೊರಬಲ್ಲರು ಎಂಬುದನ್ನು ಆ ಬಳಗದ ಎರಡು ಗಂಟೆಯ ರಾತ್ರಿಗಳು ನನಗೆ ಕಲಿಸಿವೆ.

5. ಮಿತಿಗಳು

ಇಷ್ಟು ಹೇಳಿದ ಮೇಲೆ ಎರಡೂ ದಸ್ತಾವೇಜುಗಳ ಎಚ್ಚರಿಕೆಗೆ ನ್ಯಾಯ ಸಲ್ಲಿಸಬೇಕು. ದೂರದ ಬಳಗವೇ ಸಾಕು ಎಂದು ನಾನು ವಾದಿಸುತ್ತಿಲ್ಲ. ಪೌಲನು ಸೆರೆಮನೆಯಿಂದಲೂ ಪತ್ರ ಬರೆದು ಸಭೆಗಳನ್ನು ಕಟ್ಟಿದ. ಆದರೆ ಯೊವಾನ್ನನ ಎರಡನೆಯ ಪತ್ರದ ಕರ್ತೃ ಕಾಗದ ಮತ್ತು ಮಸಿಯಿಂದ ತೃಪ್ತನಾಗದೆ ಮುಖಾಮುಖಿ ಮಾತನಾಡಲು ಹಂಬಲಿಸುತ್ತಾನೆ (12ನೆಯ ವಚನ). ಪತ್ರವೂ ಬೇಕು, ಹಂಬಲವೂ ಉಳಿಯಬೇಕು. ಜಗದ್ಗುರು ಫ್ರಾನ್ಸಿಸರ 2019ರ ಸಂಪರ್ಕ ದಿನದ ಸಂದೇಶ ಈ ಸಮತೋಲವನ್ನು ಚೆನ್ನಾಗಿ ಹಿಡಿದಿದೆ. ದೂರದಲ್ಲಿರುವವರ ಸಂಕಟದ ಕಥೆಗಳನ್ನು ಹಂಚಿಕೊಂಡು ಒಟ್ಟಾಗಿ ಪ್ರಾರ್ಥಿಸಲು ನೆರವಾದರೆ ಜಾಲವೂ ಒಂದು ಸಂಪನ್ಮೂಲವೇ ಎಂದು ಅದು ಒಪ್ಪುತ್ತದೆ.

ರೋಗಿಗಳ ತೈಲಾಭ್ಯಂಗಕ್ಕೆ ಕೈ ಬೇಕು, ಹಣೆ ಬೇಕು, ಎಣ್ಣೆ ಬೇಕು (ಯಕೋಬ 5:14). ಆ ಸಂಸ್ಕಾರ ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿ ಆರು ದಶಕಗಳಾದವು. ರೋಗ ಗಂಭೀರವಾದಾಗಲೇ ಅದನ್ನು ಕೊಡಬಹುದು, ಉಲ್ಬಣಿಸಿದರೆ ಮತ್ತೆ ಕೊಡಬಹುದು ಎಂಬುದು ಧರ್ಮಸಭೆಯ ಕಾನೂನು (1004). ಆದರೂ ಎಣ್ಣೆಯ ಡಬ್ಬಿ ಹಿಡಿದು ಗುರು ಬಂದರೆ ಮನೆಯವರು ಬೆಚ್ಚಿಬೀಳುವ ಸ್ಥಿತಿ ನಮ್ಮಲ್ಲಿ ಹೋಗಿಲ್ಲ. ವರ್ಷಗಟ್ಟಲೆ ನರಳುವವರನ್ನು ನಾವು ಕೊನೆಯ ದಿನದವರೆಗೆ ಕಾಯಿಸುತ್ತೇವೆ. ಆಮೇಲೆ, ಅವರು ಪರದೆಯಲ್ಲಿ ಸಾಂತ್ವನ ಹುಡುಕಿದರೆಂದು ಚಿಂತಿಸುತ್ತೇವೆ.

ಬಳಗಗಳ ಒಳಗೂ ಕೇಡಿದೆ. ಔಷಧ ಬಿಡಿಸುವ ಪವಾಡದ ಕಷಾಯಗಳು, ನಿನ್ನ ವಿಶ್ವಾಸ ಸಾಲದ್ದರಿಂದ ಗುಣವಾಗಲಿಲ್ಲ ಎನ್ನುವ ಸ್ವಸ್ಥತಾ ಪ್ರಾರ್ಥನೆಯ ವೀಡಿಯೊಗಳು ಹರಿದಾಡುತ್ತವೆ. ಎರಡನೆಯದು ನಮ್ಮ ವಲಯದಿಂದಲೇ ಹೋಗುವುದು ನಾಚಿಕೆಯ ಸಂಗತಿ. ಶರೀರದ ಮುಳ್ಳನ್ನು ತೆಗೆಯೆಂದು ಪೌಲನು ಮೂರು ಸಲ ಬೇಡಿದ; ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು (2 ಕೊರಿಂಥ 12:7–9). ಗುಣವಾಗದ ರೋಗ ವಿಶ್ವಾಸದ ಸೋಲಲ್ಲವೆಂದು ಹೇಳಲು ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

6. ಗುರುವಾಗುವವರಿಗೆ

ನನ್ನ ತರಗತಿಯಲ್ಲಿ ಈಗ ಪಾಲನಾ ದೈವಶಾಸ್ತ್ರ ಓದುವವರಿಗೆ ಕೆಲವು ಮಾತು ಹೇಳುತ್ತೇನೆ. ರೋಗಿಯ ಮನೆಗೆ ಹೋದಾಗ ಮೊದಲು ಕೇಳಬೇಕಾದುದು ನಿಮಗೇನು ಬೇಕು ಎಂದಲ್ಲ, ನಿಮ್ಮ ಜೊತೆ ಯಾರಿದ್ದಾರೆ ಎಂದು. ಉತ್ತರ ಫೋನಿನೊಳಗಿದ್ದರೆ ಅದನ್ನು ಗೌರವಿಸಿ. ಯಾರೂ ಇಲ್ಲವೆಂಬ ಉತ್ತರ ಬಂದರೆ, ಅದೇ ರೋಗದ ಇನ್ನೊಬ್ಬರನ್ನು, ಇಬ್ಬರ ಒಪ್ಪಿಗೆಯನ್ನೂ ಪಡೆದು, ಪರಿಚಯಿಸಿ. ಅಲ್ಲಿಂದಾಚೆಗೆ ನಡುವೆ ನಿಲ್ಲಬೇಡಿ. ಬಳಗದ ಅಡ್ಮಿನ್ ಆಗುವ ಆಸೆ ಬೇಡ. ಗುರು ಇರುವ ಗುಂಪಿನಲ್ಲಿ ಜನ ದೇವರ ಮೇಲಿನ ಸಿಟ್ಟನ್ನು ಬರೆಯಲಾರರು, ಆ ಸಿಟ್ಟು ಹೊರಬರಲೇಬೇಕಾದದ್ದು. ಯಾರ ರೋಗದ ವಿವರವನ್ನೂ ಪ್ರಾರ್ಥನಾ ಕೋರಿಕೆಯೆಂದು ಇನ್ನೊಂದು ಗುಂಪಿಗೆ ಕಳಿಸಬೇಡಿ. ಸಂಕಟವನ್ನು ಕ್ರಿಸ್ತನಿಗೆ ಒಪ್ಪಿಸಿರಿ ಎಂಬ ಮಾತು ಸತ್ಯ, ಆದರೆ ಅದನ್ನು ಹೇಳುವ ಹಕ್ಕು ಮೊದಲು ಸಂಕಟಪಡುವವರದು. ಪರಮಪ್ರಸಾದವನ್ನಂತೂ ತಪ್ಪದೆ ಕೊಂಡೊಯ್ಯಿರಿ, ಸಾಧ್ಯವಾದರೆ ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ.

ಧರ್ಮಸಭೆಯ ಮುಂದಿನ ದಸ್ತಾವೇಜು ಇದೇ ವಿಷಯದ ಮೇಲೆ ಬರುವುದಾದರೆ, ಅದನ್ನು ಬರೆಯುವ ಮೇಜಿನ ಸುತ್ತ ಹಾಸಿಗೆ ಹಿಡಿದ ಕೆಲವರಾದರೂ ಇರಬೇಕು. ಮೇಜಿನ ಬಳಿ ಬರಲಾಗದಿದ್ದರೆ ಪರದೆಯ ಮೂಲಕವಾದರೂ. ದೇಹದ ದುರ್ಬಲವೆಂದು ತೋರುವ ಅಂಗಗಳೇ ಅತ್ಯವಶ್ಯ ಎಂಬ ಪೌಲನ ಮಾತನ್ನು (1 ಕೊರಿಂಥ 12:22) ನಾವು ನಂಬುವುದು ನಿಜವಾದರೆ, ಆ ಅಂಗಗಳನ್ನು ತಲುಪಿದರೆ ಸಾಲದು, ಅವುಗಳ ಮಾತನ್ನು ಕೇಳಬೇಕು.

ಮರುವರ್ಷದ ತಪಸ್ಸುಕಾಲದಲ್ಲಿ ನಾನು ಆ ಪ್ರಬೋಧನೆಯನ್ನು ತಿದ್ದಿ ಹೇಳಿದೆ. ಮೊಬೈಲಿನ ಉಪವಾಸ ಎಲ್ಲರಿಗೂ ಒಂದೇ ಅಲ್ಲ, ಕೆಲವರಿಗೆ ಅದನ್ನು ಹಚ್ಚಿಟ್ಟುಕೊಂಡು ಎಚ್ಚರವಿರುವುದೇ ತಪಸ್ಸು ಎಂದೆ. ಆ ಶುಕ್ರವಾರ ಪರಮಪ್ರಸಾದ ಸ್ವೀಕರಿಸಿದ ಮೇಲೆ ಆಕೆ ಫೋನ್ ತೆಗೆದು, ಹಿಂದಿನ ವರ್ಷ ಮಾತ್ರೆ ನಿಲ್ಲಿಸಲು ಹೊರಟಿದ್ದ ಹುಡುಗಿ ಕಳಿಸಿದ್ದ ಧ್ವನಿಸಂದೇಶವನ್ನು ಅವಳ ಅನುಮತಿಯಿಂದ ಕೇಳಿಸಿದರು. ಹೊಸದಾಗಿ ಸೇರಿದ ಇನ್ನೊಬ್ಬಳಿಗೆ ಅವಳು ಧೈರ್ಯ ಹೇಳುತ್ತಿದ್ದಳು.